ಕೊಂಡುಕುರಿಯ ಜಾಡು, ಅಜ್ಜನ ಮಾತು, ಎರಡು ನೋಟ್‌ಬುಕ್

ಈ ಪ್ರಕರಣದ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳ ಹೆಸರು, ಹಳ್ಳಿ, ಓದಿದ ಕಾಲೇಜು, ವರ್ಷ ಯಾವುದೂ ಇಲ್ಲಿಲ್ಲ. ಅವಳು ನಡೆದ ದಾರಿಯ ಕೆಲವು ಗುರುತುಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅದರ ಕಾರಣ ಮುಂದೆ ಬರುತ್ತದೆ. ನಾನು ದಾವಣಗೆರೆ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅವಳ ಪ್ರಾಜೆಕ್ಟಿಗೆ ಮಾರ್ಗದರ್ಶಿಯಾಗಿದ್ದೆ. ಇಲ್ಲಿ ಬರುವ ತಪ್ಪುಗಳಲ್ಲಿ ಅವಳ ಪಾಲಿಗಿಂತ ನನ್ನ ಪಾಲು ಕಡಿಮೆಯೇನೂ ಇಲ್ಲ.

ಹಿನ್ನೆಲೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಸುತ್ತಲ ಜೀವಿಗಳ ಬಗ್ಗೆ ಒಂದು ಪ್ರಾಜೆಕ್ಟ್ ವರದಿ ಸಲ್ಲಿಸಬೇಕು. ವರದಿಗೆ ವರ್ಷಗಳಿಂದ ಒಂದೇ ಅಚ್ಚು. ಮುನ್ನುಡಿ, ತಾಲ್ಲೂಕಿನ ಮಳೆ ಪ್ರಮಾಣ, ಆಮೇಲೆ ಪಟ್ಟಿ. ಪಟ್ಟಿಯಲ್ಲಿ ಕ್ರಮಸಂಖ್ಯೆ, ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಎದುರಿಗೆ ‘ಇದೆ’ ಅಥವಾ ‘ಅಪರೂಪ’. ಹೊನ್ನಾಳಿಯ ಹುಡುಗನ ಪಟ್ಟಿಯಲ್ಲಿ ಯಾವ ಕ್ರಮದಲ್ಲಿ ಹಕ್ಕಿಗಳಿದ್ದವೋ ಅದೇ ಕ್ರಮದಲ್ಲಿ ಜಗಳೂರಿನ ಹುಡುಗಿಯ ಪಟ್ಟಿಯಲ್ಲೂ ಇದ್ದವು. ತುಂಗಭದ್ರೆಯ ದಂಡೆಯ ನೀರಾವರಿ ಸೀಮೆಗೂ ಮಳೆಗಾಗಿ ಮುಗಿಲು ನೋಡುವ ಜಗಳೂರಿಗೂ ಒಂದೇ ಪಟ್ಟಿ! ಹಳೆಯ ವರದಿಯಲ್ಲಿದ್ದ ಕಾಗುಣಿತದ ತಪ್ಪುಗಳೂ ಹಾಗೆಯೇ ಇಳಿದು ಬಂದಿದ್ದವು.

ಆ ಜಗಳೂರಿನ ಹುಡುಗಿಯೇ ಈ ಪ್ರಕರಣದವಳು. ಕುರಿ ಸಾಕುವ ಮನೆತನದವಳು. ಪಟ್ಟಿಯ ಕೊನೆಯ ಪುಟದಲ್ಲಿ ‘ಕೊಂಡುಕುರಿ: ಇದೆ’ ಎಂದು ಬರೆದಿದ್ದಳು. ಕೊಂಡುಕುರಿ ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇರುವ, ಗಂಡಿಗೆ ನಾಲ್ಕು ಕೊಂಬು ಮೂಡುವ ಸಣ್ಣ ಪ್ರಾಣಿ. ಅದರ ಹೆಸರಿನಲ್ಲೇ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ವನ್ಯಜೀವಿಧಾಮ ಘೋಷಣೆಯಾಯಿತು. ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಅಥವಾ ಜೋಡಿಯಾಗಿ ಕುರುಚಲಿನಲ್ಲಿ ಅಡಗಿ ಬದುಕುವುದರಿಂದ ಕಣ್ಣಿಗೆ ಬೀಳುವುದು ಕಷ್ಟ.

“ನೀನು ನೋಡಿದ್ದೀಯಾ?” ಎಂದು ಕೇಳಿದೆ.

“ಇಲ್ಲ ಮೇಡಂ. ನಮ್ಮ ಅಜ್ಜ ನೋಡಿದ್ದಾನೆ.”

“ಹಾಗಾದರೆ ಅದನ್ನು ಯಾಕೆ ಬರೆದಿಲ್ಲ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜ ಹೇಳಿದ್ದನ್ನು ವಿಜ್ಞಾನದ ವರದಿಯಲ್ಲಿ ಬರೆಯಬಹುದಾ ಮೇಡಂ?”

ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ವರದಿಯನ್ನು ಹಿಂದಿರುಗಿಸಿ ಒಂದು ವಾರ ಸಮಯ ಕೇಳಿದೆ.

ಸಮಸ್ಯೆ

ಮೊದಲಿಗೆ ಇದು ನಕಲು ಮಾಡುವ ಚಾಳಿಯ ಸಮಸ್ಯೆ ಎಂದುಕೊಂಡಿದ್ದೆ. ಪಟ್ಟಿಗಳನ್ನು ಮತ್ತೆ ಮತ್ತೆ ತಿರುವಿದಾಗ ಬೇರೆಯದೇ ಕಂಡಿತು. ‘ಕೊಂಡುಕುರಿ: ಇದೆ’ ಎಂಬ ಸಾಲು ಸುಳ್ಳಲ್ಲ. ಆದರೆ ಎಲ್ಲಿ, ಯಾವ ತಿಂಗಳಲ್ಲಿ, ನೀರಿನಿಂದ ಎಷ್ಟು ದೂರ, ಯಾರು ಕಂಡರು, ಕಂಡವರು ಅಲ್ಲಿಗೆ ಯಾಕೆ ಹೋಗಿದ್ದರು ಎಂಬುದೆಲ್ಲ ಆ ಸಾಲಿನಿಂದ ಕಳಚಿಹೋಗಿತ್ತು. ಪ್ರಾಣಿಯನ್ನು ಅದರ ನೆಲದಿಂದ ಕಿತ್ತು ಕಾಗದದ ಮೇಲೆ ಇಟ್ಟ ಹಾಗೆ. ಕಿತ್ತ ಮೇಲೆ ಯಾರ ಪಟ್ಟಿಗೆ ಬೇಕಾದರೂ ಸಾಗಿಸಬಹುದು, ಹಾಗಾಗಿಯೇ ನಕಲು ಅಷ್ಟು ಸಲೀಸಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಿಸರ್ಗ ಪ್ರವಾಸಿಗಳ ಬರಹಗಳನ್ನು ನಾನು ಆ ದಿನಗಳಲ್ಲಿ ಸಂತೋಷಕ್ಕಾಗಿ ಓದುತ್ತಿದ್ದೆ. ಅವುಗಳಲ್ಲಿ ಯಾವ ಜೀವಿಯೂ ಒಂಟಿಯಾಗಿ ಬರುವುದಿಲ್ಲ. ಬೆಟ್ಟದ ಎತ್ತರ, ಗಾಳಿಯ ಬಿಸಿ, ಕಲ್ಲಿನ ಜಾತಿ, ದಾರಿ ತೋರಿಸಿದವನ ಮಾತು ಎಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ. ನಮ್ಮ ವರದಿಗಳಿಗೆ ಬೇಕಾದದ್ದು ಇದೇ ಅನ್ನಿಸಿತು. ಪಟ್ಟಿಯನ್ನು ಬದಿಗಿಟ್ಟು ಪ್ರವಾಸ ಕಥನದ ರೀತಿಯಲ್ಲಿ ಬರೆಯಲು ಅವಳಿಗೆ ಹೇಳಿದೆ.

ಮೊದಲ ಪ್ರಯತ್ನ, ಮತ್ತು ಅದು ಕೆಟ್ಟ ಬಗೆ

ಅವಳಿಗೆ ನಾನು ಮೊದಲು ಹೇಳಿದ್ದು ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್‌ನ ಕಥೆ. ಜರ್ಮನಿಯ ಈ ಮನುಷ್ಯ 1799ರಿಂದ 1804ರವರೆಗೆ ಅಮೆರಿಕ ಖಂಡಗಳಲ್ಲಿ ಸುತ್ತಾಡಿ ಬರೆದ ಪ್ರವಾಸ ಕಥನವನ್ನು 1831ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಚಾರ್ಲ್ಸ್ ಡಾರ್ವಿನ್ ಹಿಡಿದು ಕೂತ. ಆಫ್ರಿಕಾದ ವಾಯವ್ಯ ಕರಾವಳಿಯಾಚೆಯ ಟೆನೆರಿಫ್ ದ್ವೀಪದ ಭಾಗಗಳನ್ನು ನಕಲು ಮಾಡಿಕೊಂಡು ಗೆಳೆಯರಿಗೆ ಓದಿ ಹೇಳಿದ. ತಾನೂ ಅಲ್ಲಿಗೆ ಹೋಗಬೇಕೆಂದು ಸ್ಪ್ಯಾನಿಷ್ ಕಲಿಯಲು ತೊಡಗಿದ. ಅದೇ ವರ್ಷದ ಡಿಸೆಂಬರ್ 27ರಂದು ಬೀಗಲ್ ಹಡಗು ಹೊರಟಾಗ ಹುಂಬೋಲ್ಟ್‌ನ ಪುಸ್ತಕ ಅವನ ಜೊತೆಗಿತ್ತು. 1832ರ ಜನವರಿಯಲ್ಲಿ ಹಡಗು ಟೆನೆರಿಫ್ ತಲುಪಿತು. ಆದರೆ ಕಾಲರಾ ಭಯದಿಂದ ಅಲ್ಲಿನ ಅಧಿಕಾರಿಗಳು ಯಾರನ್ನೂ ದಡಕ್ಕೆ ಬಿಡಲಿಲ್ಲ. ಕನಸಿನ ದ್ವೀಪವನ್ನು ಹಡಗಿನಿಂದಲೇ ನೋಡಿ ಅವನು ಮುಂದೆ ಸಾಗಬೇಕಾಯಿತು. 1839ರಲ್ಲಿ ಡಾರ್ವಿನ್‌ನ ಪ್ರವಾಸ ಕಥನ ಹೊರಬಂದಾಗ ಮುದುಕನಾಗಿದ್ದ ಹುಂಬೋಲ್ಟ್ ಅದನ್ನು ಓದಿ ಮೆಚ್ಚಿ ದೀರ್ಘ ಪತ್ರ ಬರೆದ. ಆಮೇಲೆ ಈ ಇಬ್ಬರ ಪುಸ್ತಕಗಳನ್ನೂ ಓದಿದ, ಮುಂದೆ ಡಾರ್ವಿನ್‌ನಂತೆಯೇ ಜೀವವಿಕಾಸದ ತತ್ವ ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೇಸ್ ಗೆಳೆಯ ಬೇಟ್ಸ್‌ನೊಂದಿಗೆ 1848ರಲ್ಲಿ ಅಮೆಜಾನ್‌ಗೆ ಹೊರಟ. ಜೀವವಿಕಾಸದ ವಿಚಾರ ಹೀಗೆ ಒಂದು ಪ್ರವಾಸ ಕಥನದಿಂದ ಇನ್ನೊಂದಕ್ಕೆ ದೀಪ ಹಚ್ಚಿಕೊಂಡು ಬಂದದ್ದು ನನಗೆ ಈಗಲೂ ರೋಮಾಂಚನ ತರುತ್ತದೆ.

ವಿದ್ಯಾರ್ಥಿನಿಗೂ ತಂದಿತು. ಎರಡು ವಾರದ ನಂತರ ಅವಳು ತಂದ ದಿನಚರಿಯಲ್ಲಿ ಹೊಂಗಿರಣಗಳಿದ್ದವು, ಹಕ್ಕಿಗಳ ಇಂಚರವಿತ್ತು, ಪ್ರಕೃತಿ ಮಾತೆಯ ಮಡಿಲಿತ್ತು. ಒಂದು ಹಕ್ಕಿಗೂ ಹೆಸರಿರಲಿಲ್ಲ. ಜಗಳೂರಿನ ಎರೆ ಹೊಲವೂ ಮಲೆನಾಡಿನ ಕಾಡೂ ಅದರಲ್ಲಿ ಒಂದೇ ಆಗಿದ್ದವು. ಪಟ್ಟಿ ನೆಲವನ್ನು ಮರೆತಿದ್ದ ಹಾಗೆಯೇ ಈ ಬರಹವೂ ಮರೆತಿತ್ತು.

ತಪ್ಪು ನನ್ನದೆಂದು ತಿಳಿಯಲು ಸಮಯ ಹಿಡಿಯಿತು. ಹುಂಬೋಲ್ಟ್‌ನ ಉತ್ಸಾಹದ ಪುಟಗಳನ್ನು ನಾನು ಆಯ್ದು ಕೊಟ್ಟಿದ್ದೆ. ಅವನು ಹೊತ್ತು ತಿರುಗಿದ ಉಷ್ಣಮಾಪಕ, ವಾಯುಭಾರಮಾಪಕಗಳ ಪುಟಗಳನ್ನು ಕೊಟ್ಟಿರಲಿಲ್ಲ. 1802ರ ಜೂನ್‌ನಲ್ಲಿ ಈಗಿನ ಈಕ್ವೆಡಾರ್‌ನ ಚಿಂಬೊರಾಝೊ ಬೆಟ್ಟ ಹತ್ತಿದವನು ಯಾವ ಎತ್ತರದಲ್ಲಿ ಯಾವ ಗಿಡ ಎಂದು ಗುರುತು ಹಾಕಿಕೊಂಡಿದ್ದರಿಂದಲೇ ಸಸ್ಯಭೂಗೋಳ ಎಂಬ ಶಾಸ್ತ್ರಕ್ಕೆ ಬುನಾದಿ ಬಿತ್ತು. 1800ರ ಫೆಬ್ರವರಿಯಲ್ಲಿ ವೆನೆಜುವೆಲಾದ ವಲೆನ್ಸಿಯಾ ಸರೋವರದ ಬಳಿ ನಿಂತಾಗಲೂ ಅಷ್ಟೇ. ನೀರು ಯಾಕೆ ಇಳಿಯುತ್ತಿದೆ ಎಂದು ಊರವರನ್ನು ಕೇಳಿದ, ಸುತ್ತಲ ಗುಡ್ಡಗಳಲ್ಲಿ ಕಾಡು ಕಡಿದಿದ್ದನ್ನೂ ಬೇಸಾಯಕ್ಕೆ ಹೊಳೆ ತಿರುಗಿಸಿದ್ದನ್ನೂ ಕಂಡ, ಎರಡನ್ನೂ ಕೆರೆಯ ಇಳಿತಕ್ಕೆ ಜೋಡಿಸಿ ಬರೆದ. ಒಣಗಿದ ಕೆರೆಗಳ ತಾಲ್ಲೂಕಿನಿಂದ ಬಂದ ಹುಡುಗಿಗೆ ನಾನು ಮೊದಲು ಓದಿಸಬೇಕಾಗಿದ್ದುದು ಆ ಪುಟ.

ತಿರುವು: ಅಜ್ಜನ ಜಗಲಿಯ ಮೇಲೆ ಬುಕಾನನ್

ಎರಡನೆಯ ಸಲ ದೂರದ ಅಮೆರಿಕವನ್ನು ಬಿಟ್ಟು ಹತ್ತಿರದ ದಾರಿ ಹಿಡಿದೆವು. ಹುಂಬೋಲ್ಟ್ ಅಲ್ಲಿ ಅಲೆಯುತ್ತಿದ್ದ ಕಾಲದಲ್ಲೇ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನಮ್ಮ ಸೀಮೆಯಲ್ಲಿ ಸಂಚರಿಸುತ್ತಿದ್ದ. ಎಡಿನ್‌ಬರೋದಲ್ಲಿ ಕಲಿತವನು, ಸಸ್ಯಶಾಸ್ತ್ರದ ಹುಚ್ಚಿನವನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರ ಜುಲೈನಲ್ಲಿ ಹಿಂದಿರುಗಿದ. 1801ರ ಪೂರ್ವಾರ್ಧದಲ್ಲಿ ಅವನು ಹಿಡಿದದ್ದು ಹರಿಹರದಿಂದ ದಾವಣಗೆರೆ, ಚಿತ್ರದುರ್ಗ, ಹಿರಿಯೂರಿನ ದಾರಿ. ಅವನ ಮೂರು ಸಂಪುಟಗಳು ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಹುಂಬೋಲ್ಟ್‌ನ ಸಸ್ಯಭೂಗೋಳದ ಪ್ರಬಂಧ ಪ್ಯಾರಿಸಿನಲ್ಲಿ ಬಂದದ್ದೂ ಅದೇ ವರ್ಷ.

ಬುಕಾನನ್‌ನಲ್ಲಿ ಹುಂಬೋಲ್ಟ್‌ನ ಸೊಗಸು ಇಲ್ಲ. ತಾರೀಖು, ಆ ದಿನ ನಡೆದ ದೂರ ಇಷ್ಟು ಕೋಸು, ಸೇರಿದ ಊರು, ಅಲ್ಲಿನ ಮಣ್ಣು, ಬೆಳೆ, ಬಾವಿ, ದನ, ಕಂಬಳಿ ನೇಯುವವರು, ಕಬ್ಬಿಣ ಕಾಯಿಸುವವರು. ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರ, ಹೊಸದಾಗಿ ಗೆದ್ದ ನಾಡಿನಲ್ಲಿ ಏನೇನು ಸಿಗುತ್ತದೆ ಎಂದು ಲೆಕ್ಕ ಹಾಕಲು ಬಂದವನು. ಅದನ್ನು ಮರೆತು ಅವನನ್ನು ಓದಬಾರದು ಎಂದು ಅವಳಿಗೆ ಒತ್ತಿ ಹೇಳಿದೆ. ಅವನು ಕೇಳಿದ ಪ್ರಶ್ನೆಗಳೂ ಕೇಳದೆ ಬಿಟ್ಟ ಪ್ರಶ್ನೆಗಳೂ ಆ ಉದ್ದೇಶದಿಂದಲೇ ಹುಟ್ಟಿದವು.

ಅವಳಿಗೆ ಪುಸ್ತಕದ ಇಂಗ್ಲಿಷಿಗಿಂತ ಅದರೊಳಗಿನ ಕನ್ನಡ ಕಷ್ಟವಾಯಿತು. ಅವನು ತನ್ನ ಕಿವಿಗೆ ಬಿದ್ದಂತೆ ಬರೆದಿದ್ದ. ಒಂದು ಸಂಜೆ ಜಗಲಿಯ ಮೇಲೆ ಕೂತು, ‘ಎರಯ್’, ‘ಕೆಬ್ಬಯ್’, ‘ಮರುಳು’ ಎಂದು ಗಟ್ಟಿಯಾಗಿ ಓದುತ್ತಾ ಅರ್ಥವಾಗದೆ ನಿಂತಳಂತೆ. ಒಳಗಿನಿಂದ ಅಜ್ಜ ತಿದ್ದಿದ: “ಎರೆ, ಕೆಬ್ಬೆ, ಮರಳು. ಹೊಲದ ಮಣ್ಣಿನ ಹೆಸರಲ್ಲವೇ ತಾಯಿ?”

ಮುಂದಿನ ಪುಟದಲ್ಲಿ ‘ಹಟ್ಸ್ ಎಳ್ಳು’ ಬಂತು. ಅಜ್ಜ ಅದನ್ನೂ ಹುಚ್ಚೆಳ್ಳು ಎಂದು ಬಿಡಿಸಿದ. ಆಮೇಲೆ ಹೊರಗೆ ಬಂದು ಕೂತು, “ಆ ದೊರೆಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?” ಎಂದು ಕೇಳಿದ.

“ನಿನ್ನಂಥವರೇ ಹೇಳಿರಬೇಕು ಅಜ್ಜ.”

ಮರುದಿನ ಕಾಲೇಜಿಗೆ ಬಂದವಳು ನನ್ನ ಮುಂದೆ ಈ ಮಾತುಗಳನ್ನು ಹೇಳಿ, “ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು ಮೇಡಂ” ಎಂದಳು. ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದೊಳಗೆ ರೈತರ ಮಾತು ಜ್ಞಾನವೆಂದು ಸೇರಿಕೊಂಡಿತ್ತು. ಹೇಳಿದವರ ಹೆಸರು ಮಾತ್ರ ಇರಲಿಲ್ಲ. ತನ್ನ ವರದಿಯಲ್ಲಿ ಹೆಸರು ಇರಬೇಕು ಎಂದು ಅವಳು ಅಂದೇ ಹಠ ಹಿಡಿದಳು.

ನಡಿಗೆ

ಅಜ್ಜ ಕುರಿ ಹೊಡೆದುಕೊಂಡು ಹೋಗುವ ದಾರಿಯನ್ನೇ ಆರಿಸಿಕೊಂಡೆವು. ಸುಮಾರು ಆರು ಕಿಲೋಮೀಟರ್. ಹಟ್ಟಿಯಿಂದ ಎರೆ ಹೊಲ ದಾಟಿ, ಹಳ್ಳ ಇಳಿದು, ಕುರುಚಲು ಗುಡ್ಡದ ಬುಡದವರೆಗೆ. ವನ್ಯಜೀವಿಧಾಮದ ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ಅದರ ಹೊರಗೇ ಉಳಿದೆವು. ಅವಳೊಬ್ಬಳನ್ನೇ ಕಳುಹಿಸಲು ಮನೆಯವರು ಒಪ್ಪಲಿಲ್ಲ. ಅಜ್ಜ ಜೊತೆಗಿರುವುದು ಷರತ್ತಾಯಿತು. ಆ ಷರತ್ತೇ ಪ್ರಾಜೆಕ್ಟಿನ ದೊಡ್ಡ ಲಾಭವಾಯಿತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹದಿನಾಲ್ಕು ಸಲ ನಡೆದರು.

ಮೊದಲ ಐದು ನಡಿಗೆಗಳ ದಿನಚರಿ ಕೈಬಿಡಬೇಕಾಯಿತು. ಅವಳು ಮನೆಗೆ ಬಂದು ಊಟ ಮುಗಿಸಿ ರಾತ್ರಿ ನೆನಪಿನಿಂದ ಬರೆಯುತ್ತಿದ್ದಳು. ಮೂರನೆಯ ಮತ್ತು ನಾಲ್ಕನೆಯ ನಡಿಗೆಯ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಒಂದೇ ನರಿ ಎರಡು ದಿನವೂ ಒಂದೇ ಬದುವಿನ ಮೇಲೆ ಓಡಿತ್ತು. ಯಾವ ದಿನ ನಿಜವಾಗಿ ಓಡಿದ್ದು ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಆಗ ಡಾರ್ವಿನ್‌ನ ಕಿಸೆ ಪುಸ್ತಕಗಳ ಬಗ್ಗೆ ಹೇಳಿದೆ. ನಾವು ಓದುವ ಬೀಗಲ್ ಕಥನದ ಹಿಂದೆ ಹಡಗಿನಲ್ಲಿ ಬರೆದ ದಿನಚರಿ ಇದೆ, ಅದರ ಹಿಂದೆ ಬೆಟ್ಟ ಬಯಲಿನಲ್ಲಿ ನಿಂತಲ್ಲೇ ಗೀಚಿದ ಸಣ್ಣ ಪುಸ್ತಕಗಳಿವೆ. ಅವನೂ ಎಡವಿದ್ದುಂಟು. ಗಾಲಪಗೋಸ್‌ನಲ್ಲಿ ಹಿಡಿದ ಫಿಂಚ್ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಯಾವ ದ್ವೀಪದ್ದೆಂದು ಚೀಟಿ ಕಟ್ಟಿರಲಿಲ್ಲ. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್ ಅವು ಬೇರೆ ಬೇರೆ ಪ್ರಭೇದಗಳೆಂದು ಹೇಳಿದ ಮೇಲೆ, ದ್ವೀಪದ ಗುರುತಿಗಾಗಿ ಹಡಗಿನ ಕಪ್ತಾನ ಮತ್ತು ಇತರರು ಸಂಗ್ರಹಿಸಿದ ಹಕ್ಕಿಗಳ ಮೊರೆ ಹೋಗಬೇಕಾಯಿತು. ‘ಎಲ್ಲಿ’ ಎಂಬ ಒಂದು ಮಾತು ಬಿಟ್ಟಿದ್ದಕ್ಕೆ ಅಷ್ಟು ತೊಂದರೆ.

ಆರನೆಯ ನಡಿಗೆಯಿಂದ ಅವಳ ಕೈಯಲ್ಲಿ ಪುಟ್ಟ ನೋಟ್‌ಬುಕ್ ಇತ್ತು. ನಿಂತಲ್ಲೇ ಬರೆಯುವುದು, ಹೊತ್ತು, ಜಾಗ, ತಾನು ಕಂಡದ್ದು, ಅಜ್ಜ ಹೇಳಿದ್ದು, ಇವೆರಡನ್ನೂ ಬೇರೆ ಬೇರೆಯಾಗಿ ಬರೆಯುವುದು, ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕುವುದು. ಬರಹ ಚಿಕ್ಕದಾಯಿತು, ಹೊಂಗಿರಣಗಳು ಹೊರಟುಹೋದವು. ಒಂದು ಪುಟ ನನಗೆ ಬಾಯಿಪಾಠವಾಗಿದೆ: ‘7.20. ಹಳ್ಳದ ಆಚೆ, ಬಂದರಿಕೆ ಗಿಡಗಳ ನಡುವೆ ಹಿಕ್ಕೆಯ ಗುಡ್ಡೆ. ಮೇಲಿನವು ಹಸಿ, ಕೆಳಗಿನವು ಬಿಳಿಚಿವೆ. ಅಜ್ಜ: ಕೊಂಡುಕುರಿಯದು, ದಿನಾ ಇಲ್ಲಿಗೇ ಬರುತ್ತದೆ. ಕುರಿಯದಲ್ಲ ಎಂದು ಹೇಗೆ ಹೇಳುತ್ತೀ ಎಂದರೆ, ಕುರಿ ನಡೆಯುತ್ತಾ ಉದುರಿಸುತ್ತದೆ, ಇದು ನಿಂತು ಹಾಕುತ್ತದೆ ಎಂದ.’

ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ ಎಂಬುದು ಪ್ರಾಣಿಶಾಸ್ತ್ರದಲ್ಲಿ ದಾಖಲಾದ ನಡತೆ. ಅಜ್ಜನಿಗೆ ಅದು ಕಾಲ ಕೆಳಗಿನ ಸಂಗತಿ. ಉಳಿದ ನಡಿಗೆಗಳಲ್ಲಿ ಇಂಥ ಮೂರು ಗುಡ್ಡೆಗಳನ್ನು ಪ್ರತಿ ಸಲವೂ ನೋಡಿ, ಹಸಿಯೋ ಒಣವೋ ಎಂದು ಬರೆದುಕೊಂಡರು. ಹನ್ನೊಂದನೆಯ ನಡಿಗೆಯಲ್ಲಿ, ಮಾರ್ಚ್‌ನ ಒಂದು ಬೆಳಗ್ಗೆ, ಕ್ಷಣಮಾತ್ರ ಪ್ರಾಣಿಯೇ ಕಂಡಿತು. ಅವಳು ಕೊಂಬು ಎಣಿಸಲಾಗಲಿಲ್ಲ ಎಂದೇ ಬರೆದಳು. ಆ ಸಾಲಿಗಾಗಿ ಅವಳ ಬಗ್ಗೆ ನನಗೆ ಬಹಳ ಗೌರವ.

ಇನ್ನೊಂದು ಎಡವಟ್ಟು

ಕರಡು ವರದಿಯಲ್ಲಿ ಅವಳು ಒಂದು ವಾಕ್ಯ ಬರೆದಿದ್ದಳು: 1801ರಲ್ಲಿ ಈ ಭಾಗದಲ್ಲಿ ಕೊಂಡುಕುರಿ ಇರಲಿಲ್ಲ. ಆಧಾರ, ತಾನು ಓದಿದ ಬುಕಾನನ್‌ನ ಪುಟಗಳಲ್ಲಿ ಅದು ಸಿಗಲಿಲ್ಲ ಎಂಬುದು. ಇಲ್ಲಿ ನಾವು ಎರಡು ದಿನ ವಾದ ಮಾಡಿದೆವು. ಅವಳ ಹಳ್ಳಿ ಬುಕಾನನ್‌ನ ದಾರಿಯ ಮೇಲಿರಲಿಲ್ಲ. ಪ್ರವಾಸಿ ದಾರಿಯ ಅಕ್ಕಪಕ್ಕವನ್ನು ಕಾಣುತ್ತಾನೆ, ಅದೂ ಹಗಲಿನಲ್ಲಿ, ಜನ ಜಾನುವಾರುಗಳ ಗದ್ದಲದ ನಡುವೆ. ಅಡಗಿ ಬದುಕುವ ಪ್ರಾಣಿ ಅವನಿಗೆ ಕಾಣುವ ಸಂಭವ ಎಷ್ಟು? ಅದೂ ಅಲ್ಲದೆ ಆ ಪ್ರಾಣಿಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 1816ರಲ್ಲಿ. ಕಂಡಿದ್ದರೂ ಅವನು ಅದನ್ನು ಏನೆಂದು ಕರೆಯುತ್ತಿದ್ದ?

ಹಾಗಾದರೆ ಹಳೆಯ ಕಥನದಿಂದ ಏನೂ ತಿಳಿಯುವುದಿಲ್ಲವೇ ಎಂದು ಅವಳು ಸೋತ ದನಿಯಲ್ಲಿ ಕೇಳಿದಳು. ತಿಳಿಯುತ್ತದೆ, ಬೇರೆ ಆಧಾರವೂ ಜೊತೆಗಿದ್ದಾಗ. ಅವಳ ದಿನಚರಿಯ ಪ್ರತಿ ಪುಟದಲ್ಲೂ ಬಳ್ಳಾರಿ ಜಾಲಿ ಇತ್ತು. ಅದು ಈ ನೆಲದ್ದೇ ಎಂದು ಅವಳು ನಂಬಿದ್ದಳು, ಹೆಸರಿನಲ್ಲೇ ಬಳ್ಳಾರಿ ಇದೆಯಲ್ಲ. ಆದರೆ ಅದು ಅಮೆರಿಕ ಖಂಡದಿಂದ ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹೊಲದ ಬದುಗಳಲ್ಲಿ ತುಂಬಿದ್ದ ಪಾರ್ಥೇನಿಯಂ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಬುಕಾನನ್ ನಡೆದ ಸೀಮೆಯಲ್ಲಿ ಈ ಎರಡೂ ಇರಲು ಸಾಧ್ಯವೇ ಇರಲಿಲ್ಲ. ಅಜ್ಜನನ್ನು ಕೇಳಿದಾಗ, ತಾನು ಹುಡುಗನಾಗಿದ್ದಾಗ ಈ ಹಳ್ಳದಲ್ಲಿ ಜಾಲಿ ಇಷ್ಟಿರಲಿಲ್ಲ, ತಂಗಡಿ ಮತ್ತು ಹುಲ್ಲು ಹೆಚ್ಚಿತ್ತು ಎಂದ. ಅದನ್ನು ಅವನ ಹೆಸರಿನಲ್ಲೇ ಬರೆದಳು. ಕೊಂಡುಕುರಿಯ ವಾಕ್ಯವನ್ನು ಹೊಡೆದು ಹಾಕಿದಳು.

ಕಠಿಣ ನಿರ್ಧಾರ

‘ಎಲ್ಲಿ’ ಎಂಬುದೇ ಎಲ್ಲಕ್ಕಿಂತ ಮುಖ್ಯ ಎಂದು ಆರು ತಿಂಗಳು ಹೇಳಿಕೊಟ್ಟವಳು ನಾನು. ವರದಿ ಬೈಂಡಿಂಗಿಗೆ ಹೋಗುವ ಹಿಂದಿನ ದಿನ ಅಜ್ಜ ಮೊಮ್ಮಗಳ ಮೂಲಕ ಒಂದು ಮಾತು ಹೇಳಿ ಕಳುಹಿಸಿದ: “ಜಾಗ ಬರೆದರೆ ಉರುಳು ಹಾಕುವವರಿಗೆ ದಾರಿ ತೋರಿಸಿದ ಹಾಗೆ.”

ಕೊಂಡುಕುರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿ. ಒಂದೇ ಜಾಗಕ್ಕೆ ದಿನವೂ ಬರುವ ಅದರ ಅಭ್ಯಾಸವೇ ಬೇಟೆಗಾರನಿಗೆ ಅನುಕೂಲ. ಹಳೆಯ ಪ್ರವಾಸಿಗಳಿಗೆ ಈ ಸಂಕಟ ಇರಲಿಲ್ಲ. ಅವರ ಪುಸ್ತಕ ಓದಿ ಜಗಳೂರಿನ ಹಳ್ಳಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಬರುವವರು ಯಾರೂ ಇರಲಿಲ್ಲ. ಒಂದಿಡೀ ರಾತ್ರಿ ಯೋಚಿಸಿ ಎರಡು ಪ್ರತಿ ಮಾಡಲು ಹೇಳಿದೆ. ಸಲ್ಲಿಸುವ ವರದಿಯಲ್ಲಿ ನಡಿಗೆಗಳು, ತಿಂಗಳುಗಳು, ಗಿಡಗಳು, ನೀರಿನಿಂದ ಇರುವ ದೂರ ಎಲ್ಲವೂ ಇರುತ್ತವೆ, ಹಳ್ಳದ ಹೆಸರು ಮತ್ತು ಗುಡ್ಡೆಗಳ ಗುರುತು ಇರುವುದಿಲ್ಲ. ಜಾಗ ಬರೆದಿರುವ ಮೂಲ ನೋಟ್‌ಬುಕ್ ಅವಳ ಮನೆಯಲ್ಲಿ ಇರುತ್ತದೆ. ಅದರ ನೆರಳಚ್ಚನ್ನು ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ಅವಳೇ ಕೈಯಾರೆ ಕೊಟ್ಟಳು.

ಏನಾಯಿತು

ಬಾಹ್ಯ ಪರೀಕ್ಷಕರು ವರದಿಯನ್ನು ತಿರುವಿ, ಪ್ರಭೇದಗಳ ಪಟ್ಟಿ ಎಲ್ಲಿ ಎಂದು ಕೇಳಿದರು. ಕೊನೆಯಲ್ಲಿ ಒಂದು ಚಿಕ್ಕ ಪಟ್ಟಿ ಇತ್ತು, ಇಪ್ಪತ್ಮೂರು ಹೆಸರು. ಬೇರೆಯವರ ವರದಿಗಳಲ್ಲಿ ನೂರಕ್ಕೂ ಹೆಚ್ಚು. ಲಿಖಿತ ವರದಿಗೆ ಅವಳಿಗೆ ತರಗತಿಯ ಅನೇಕರಿಗಿಂತ ಕಡಿಮೆ ಅಂಕ ಬಂತು. ಮೌಖಿಕ ಪರೀಕ್ಷೆಯಲ್ಲಿ ಒಂದು ಹಿಕ್ಕೆಯ ಗುಡ್ಡೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಒಳ್ಳೆಯ ಅಂಕ ಪಡೆದಳು. ನಾನು ಪರೀಕ್ಷೆಯ ಅಚ್ಚನ್ನು ಮೊದಲೇ ಗಮನದಲ್ಲಿಟ್ಟು ಪಟ್ಟಿಯ ಸ್ವರೂಪದ ಬಗ್ಗೆ ವಿಭಾಗದಲ್ಲಿ ಮಾತಾಡಬೇಕಿತ್ತು. ಅದನ್ನು ಮಾಡದೆ ಹೊಸ ರೀತಿಯ ಭಾರವನ್ನೆಲ್ಲ ಒಬ್ಬ ಹುಡುಗಿಯ ಅಂಕಪಟ್ಟಿಯ ಮೇಲೆ ಹಾಕಿದೆ. ಇದೇ ದಾರಿ ಹಿಡಿಯಲು ಬಯಸುವ ಶಿಕ್ಷಕರು ಇದೊಂದನ್ನು ಮೊದಲು ಸರಿಪಡಿಸಿಕೊಳ್ಳಲಿ.

ಮರುವರ್ಷದಿಂದ ನಮ್ಮ ಪ್ರಾಜೆಕ್ಟ್ ಪಟ್ಟಿಯಲ್ಲಿ ಮೂರು ಕಾಲಂ ಸೇರಿದವು: ದಿನ ಮತ್ತು ಹೊತ್ತು, ಕಂಡವರು, ಹೇಳಿದವರು. ಹೆಸರುಗಳ ಸಂಖ್ಯೆ ತಟ್ಟನೆ ಇಳಿಯಿತು. ಮೂವತ್ತು ಹೆಸರು ದಾಟಿದ ವರದಿಯನ್ನು ಈಗ ನಾನು ಹೆಚ್ಚು ಎಚ್ಚರದಿಂದ ಓದುತ್ತೇನೆ. ಎಲ್ಲರಿಗೂ ಕುರಿ ಕಾಯುವ ಅಜ್ಜ ಇರುವುದಿಲ್ಲ. ಒಬ್ಬ ಹುಡುಗ ಮೀನು ಹಿಡಿಯುವ ನೆರೆಯವನ ಜೊತೆ ಸೂಳೆಕೆರೆಯ ದಂಡೆಯಲ್ಲಿ ನಡೆದ. ಇನ್ನೊಬ್ಬಳು ಯಾರೂ ಸಿಗದೆ ಕಾಲೇಜಿನ ಹಿಂದಿನ ಒಂದೇ ಹುಣಸೆ ಮರವನ್ನು ಇಡೀ ವರ್ಷ ನೋಡಿದಳು. ಎರಡೂ ಗಟ್ಟಿಯಾದ ವರದಿಗಳು.

ಕಳೆದ ಬೇಸಿಗೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಅದೇ ಕುರಿ ದಾರಿಯಲ್ಲಿ ಮತ್ತೆ ನಡೆಯಲು ಕೇಳಿದರು. ನಾನು ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ ನೋಟ್‌ಬುಕ್ ಕೊಡಬಹುದೇ ಎಂದೆ. “ಕೊಡುತ್ತೇನೆ ಮೇಡಂ, ಆದರೆ ಮೊದಲು ಅವರು ನಮ್ಮ ಹಟ್ಟಿಗೆ ಹೋಗಿ ಅಜ್ಜನ ಜೊತೆ ಎರಡು ದಿನ ಕುರಿ ಕಾಯಲಿ. ಕೊಡಬೇಕೋ ಬೇಡವೋ ಎಂದು ಅಜ್ಜನೇ ಹೇಳುತ್ತಾನೆ” ಎಂದಳು. ಇಬ್ಬರೂ ಹೋಗಿದ್ದಾರೆ. ನೋಟ್‌ಬುಕ್ ಇನ್ನೂ ಅಜ್ಜನ ಪೆಟ್ಟಿಗೆಯಲ್ಲೇ ಇದೆ.